ಹಾರುವ ಯಂತ್ರಕ್ಕೂ ಮೂಗುದಾರ ಬೇಕು

ಹೊಡೆಯುವವನ ಕೈಯಿಂದ ಹಗ್ಗ ಜಾರಿದರೆ ಪಳಗಿದ ಎತ್ತು ನಿಂತುಕೊಳ್ಳುವದು, ಇಲ್ಲವೆ ಮನೆಯ ದಾರಿ ಹಿಡಿಯುವದು. ಪಳಗದ ಹೋರಿಯಾದರೆ ಕಂಡವರ ಹೊಲ ಹೊಕ್ಕು ಹಾನಿ ಮಾಡುವದು. ರೇಡಿಯೋ ಅಲೆಗಳಿಂದ ನಡೆಯುವ ಯಂತ್ರಕ್ಕೂ ಇದೇ ಮಾತು ಸಲ್ಲುತ್ತದೆ.

ಈ ವಿದ್ಯೆ ಹೊಸದಲ್ಲ. 1898ರಲ್ಲಿಯೇ ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿ ನ್ಯೂಯಾರ್ಕಿನಲ್ಲಿ ಚಿಕ್ಕ ದೋಣಿಯೊಂದನ್ನು ರೇಡಿಯೋ ಅಲೆಗಳಿಂದ ನಡೆಸಿ ತೋರಿಸಿದ್ದನು. ಈಗ ಅದು ಔಷಧ ಸಿಂಪಡಿಸುವ ಡ್ರೋನ್ ಆಗಿ ಹೊಲಕ್ಕೆ ಬಂದಿದೆ. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ಯೋಜನೆಗೆ ಕೇಂದ್ರ ಸರಕಾರವು 2023ರಲ್ಲಿ ಒಪ್ಪಿಗೆ ಕೊಟ್ಟಿತು. ಮಿರಜ ತಾಲೂಕಿನ ಕೃಷ್ಣಾ ದಂಡೆಯಲ್ಲಿ ಕಬ್ಬು ಆಳೆತ್ತರ ಮೀರಿದ ಮೇಲೆ ಬೆನ್ನಿಗೆ ಪಂಪು ಹೊತ್ತು ಒಳಹೋಗುವದು ಕಷ್ಟ. ಅಲ್ಲಿ ಇದು ಅನುಕೂಲವೇ. ಆದರೆ 10 ಲೀಟರ್ ಟಾಕಿಯ ಯಂತ್ರ ತುಂಬಿದಾಗ ಸಾಮಾನ್ಯವಾಗಿ 20 ಕಿಲೋ ಮೀರುತ್ತದೆ. ಇಷ್ಟು ಭಾರವು ವಿಷ ಹೊತ್ತು, ರೆಕ್ಕೆ ತಿರುಗಿಸುತ್ತ ಹಿಡಿತ ತಪ್ಪಿದರೆ ಪಕ್ಕದ ಹೊಲದಲ್ಲಿ ಕಳೆ ತೆಗೆಯುವವರ ಗತಿಯೇನು?

ದೂರ ಹೆಚ್ಚಾದರೆ, ಗಿಡಮರ ಅಡ್ಡ ಬಂದರೆ, ಕೈಯಲ್ಲಿಯ ರಿಮೋಟಿನ ಬ್ಯಾಟರಿ ಇಳಿದರೆ ಸಂಕೇತ ಕಡಿಯುತ್ತದೆ. ಆಗ ಯಂತ್ರ ಏನು ಮಾಡಬೇಕೆಂಬುದನ್ನು ಮೊದಲೇ ಅದಕ್ಕೆ ಕಲಿಸಿರಬೇಕು. ನೆಲದ ಮೇಲಿನ ಗಾಡಿಯಾದರೆ ವೇಗ ಸೊನ್ನೆಗಿಳಿದು ನಿಲ್ಲಬೇಕು. ಹೀಗೆ ಹೊಂದಿಸದಿದ್ದರೆ ಕೆಲವು ಯಂತ್ರಗಳು ಕೊನೆಯ ಆಜ್ಞೆಯನ್ನೇ ಹಿಡಿದು ಓಡುತ್ತಲೇ ಇರುತ್ತವೆ. ಹಾರುವ ಯಂತ್ರ ನಡುಗಾಳಿಯಲ್ಲಿ ರೆಕ್ಕೆ ನಿಲ್ಲಿಸಿದರೆ ಬಿದ್ದೇಬಿಡುತ್ತದೆ; ಆದ್ದರಿಂದ ಅದು ಗೊತ್ತುಪಡಿಸಿದ ಎತ್ತರಕ್ಕೇರಿ, ಹೊರಟ ಸ್ಥಳಕ್ಕೆ ತಿರುಗಿ ಬಂದು ಇಳಿಯಬೇಕು.

ಇದಕ್ಕಾಗಿ ಪಾಲಿಸತಕ್ಕ ಮಾತುಗಳು:

1. ಉಪಗ್ರಹಗಳ ಸಂಕೇತ ಸರಿಯಾಗಿ ಸಿಕ್ಕು, ಹೊರಟ ಸ್ಥಳ ದಾಖಲಾದ ಮೇಲೆಯೇ ಹಾರಿಸಬೇಕು.

2. ತಿರುಗಿ ಬರುವ ಎತ್ತರವು ಸುತ್ತಲಿನ ಮರ ಹಾಗೂ ವಿದ್ಯುತ್ ತಂತಿಗಿಂತ ಮೇಲಿರಬೇಕು.

3. ಟ್ರ್ಯಾಕ್ಟರ್, ಕಬ್ಬಿಣದ ತಗಡುಗಳ ಹತ್ತಿರದಿಂದ ಹಾರಿಸಬಾರದು. ಕಬ್ಬಿಣದಿಂದ ದಿಕ್ಸೂಚಿ ಕೆಟ್ಟರೆ ಯಂತ್ರಕ್ಕೆ ದಾರಿ ತಪ್ಪುತ್ತದೆ.

4. ಹೊಲದ ಮೇರೆಯನ್ನು ನಕಾಶೆಯಲ್ಲಿ ಗುರುತಿಸಬೇಕು. ಅದು ಕಾಣದ ಬೇಲಿ. ಯಂತ್ರ ಅದನ್ನು ದಾಟಬಾರದು.

5. ಬ್ಯಾಟರಿ ಪೂರ್ತಿ ತೀರುವ ಮೊದಲೇ ಯಂತ್ರ ಮರಳುವಂತೆ ಹೊಂದಿಸಬೇಕು.

6. ಉಪಗ್ರಹದ ಸಂಕೇತವೇ ತಪ್ಪಿದರೆ ಯಂತ್ರ ಗಾಳಿಗೆ ಸರಿಯತೊಡಗುತ್ತದೆ. ಆಗ ಕೈಯಿಂದಲೇ ಇಳಿಸಬೇಕಾಗುವದರಿಂದ ಅದು ಸದಾ ಕಣ್ಣಿಗೆ ಕಾಣುವಂತಿರಬೇಕು.

ಹೊಂದಿಸಿದ್ದು ಕೆಲಸ ಮಾಡುವದೋ ಇಲ್ಲವೋ ಎಂದು ಪರೀಕ್ಷಿಸದೆ ನಂಬಬಾರದು. ಔಷಧ ತುಂಬುವ ಮೊದಲು, ಬರಿ ಟಾಕಿಯೊಡನೆ ಜನರಿಲ್ಲದ ಬಯಲಿನಲ್ಲಿ ಸ್ವಲ್ಪ ದೂರ ಹಾರಿಸಿ, ಮರಳುವ ಗುಂಡಿ ಒತ್ತಿ ನೋಡಬೇಕು. ತರಬೇತಿ ಪಡೆದವರೇ ಇದನ್ನು ಮಾಡಬೇಕು.

2021ರ ಡ್ರೋನ್ ನಿಯಮಗಳಂತೆ ಇಂಥ ಯಂತ್ರಕ್ಕೆ ನೋಂದಣಿ ಸಂಖ್ಯೆಯೂ ನಡೆಸುವವರಿಗೆ ಪ್ರಮಾಣಪತ್ರವೂ ಬೇಕು. ಬೇರೆಯವರಿಗಾಗುವ ಹಾನಿಗೆ ವಿಮೆಯೂ ಇರಬೇಕು.

ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ನಡಿಗೆ ನೋಡುತ್ತೇವೆ. ಡ್ರೋನನ್ನು ಬಾಡಿಗೆಗೆ ಕರೆದಾಗ ಎಕರೆಗೆ ಎಷ್ಟು ಎಂದಷ್ಟೇ ಕೇಳಿ ಸುಮ್ಮನಾಗಬಾರದು. "ಸಂಕೇತ ಕಡಿದರೆ ಇದು ಏನು ಮಾಡುತ್ತದೆ? ತೋರಿಸಿರಿ" ಎಂದು ಕೇಳಿರಿ. ತೋರಿಸಲು ಒಲ್ಲೆನೆಂದವರ ಯಂತ್ರವನ್ನು ನಿಮ್ಮ ಹೊಲದ ಮೇಲೆ ಏರಗೊಡಬೇಡಿರಿ.