ಶಾಲೆ ಬಿಟ್ಟವರಿಗೂ ಹತ್ತನೇ ತರಗತಿ: ಎನ್‌ಐಒಎಸ್ ಪರೀಕ್ಷೆ



ಎರಡು ವಿಷಯಗಳಲ್ಲಿ ಫೇಲಾದ ಹುಡುಗ ಗ್ಯಾರೇಜಿಗೆ ಸೇರಿದರೆ, ಹುಡುಗಿ ಒಂಬತ್ತನೇ ತರಗತಿಗೇ ಮನೆಯಲ್ಲಿ ಉಳಿದರೆ, ಓದು ಮುಗಿಯಿತೆಂದೇ ತಿಳಿಯುತ್ತೇವೆ. ಆದರೆ ದಾರಿ ಇದೆ.

ಕೇಂದ್ರ ಸರ್ಕಾರ 1989ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ (ಎನ್‌ಐಒಎಸ್) ಒಂದು ಪರೀಕ್ಷಾ ಮಂಡಳಿಯೂ ಹೌದು. 14 ವರ್ಷ ತುಂಬಿದವರು ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. ಉರ್ದು ಮಾಧ್ಯಮವೂ ಇದೆ. ಉತ್ತೀರ್ಣರಾಗಲು ಕನಿಷ್ಠ ಒಂದು ಭಾಷೆ ಸೇರಿ 5 ವಿಷಯಗಳು ಸಾಕು. ಪ್ರತಿ ವಿಷಯಕ್ಕೆ ಶೇ. 33 ಅಂಕ ಬೇಕು.

ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಐದೂ ವಿಷಯಗಳನ್ನು ಒಟ್ಟಿಗೇ ಬರೆಯಬೇಕಿಲ್ಲ. ಪಾಸಾದ ವಿಷಯದ ಅಂಕ ಉಳಿದುಕೊಳ್ಳುತ್ತದೆ; ನೋಂದಣಿ 5 ವರ್ಷ ಊರ್ಜಿತ, ಅದರೊಳಗೆ 9 ಅವಕಾಶಗಳು. ಬೇರೆ ಮಾನ್ಯ ಮಂಡಳಿಯಲ್ಲಿ ಪಾಸಾದ ಗರಿಷ್ಠ 2 ವಿಷಯಗಳ ಅಂಕವನ್ನು ನಿಯಮಾನುಸಾರ ವರ್ಗಾಯಿಸಿಕೊಳ್ಳಬಹುದು. ಹಾಗಾಗಿ ದುಡಿಯುವ ಹುಡುಗ ಈ ಬಾರಿ ಎರಡು, ಮುಂದಿನ ಬಾರಿ ಉಳಿದದ್ದು ಎಂದು ಹಂಚಿಕೊಂಡು ಬರೆಯಬಹುದು.

ಪೋಷಕರು ಮರೆಯಬಾರದ ವಿಷಯ: ಮನೆಯಲ್ಲಿ ಬರೆದು ಸಲ್ಲಿಸುವ ನಿಯೋಜಿತ ಕಾರ್ಯಕ್ಕೂ ಅಂಕವಿದೆ. ಅದನ್ನು ಸಕಾಲದಲ್ಲಿ ಕೊಡಿಸಿ. ಪಾಸು ಮಾಡಿಸಿಕೊಡುತ್ತೇವೆ ಎನ್ನುವ ದಲ್ಲಾಳಿಗಳಿಗೆ ಹಣ ಕೊಡಬೇಡಿ. ನೋಂದಣಿಯನ್ನು ಸಂಸ್ಥೆಯ ಅಧಿಕೃತ ಮಾರ್ಗದಲ್ಲೇ ಮಾಡಿಸಿ.

ದಾನಿಗಳಲ್ಲಿ ವಿನಂತಿ: ಇಲ್ಲಿ ದಿನವೂ ತರಗತಿ ಇರುವುದಿಲ್ಲ. ಪುಸ್ತಕವಿದ್ದೂ ಹೇಳಿಕೊಡುವವರಿಲ್ಲದೆ ಮಕ್ಕಳು ಮತ್ತೆ ಹಿಂದೆ ಬೀಳುತ್ತಾರೆ. ಶುಲ್ಕದಷ್ಟೇ ಸಂಜೆಪಾಠಕ್ಕೂ ನಿಮ್ಮ ನೆರವು ಬೇಕು. ಹತ್ತನೇ ತರಗತಿಯ ಅಂಕಪಟ್ಟಿ ಕೈಗೆ ಬಂದರೆ ಐಟಿಐ, ಪಿಯುಸಿ, ಉದ್ಯೋಗದ ಅರ್ಜಿಗೆ ದಾರಿ ತೆರೆಯುತ್ತದೆ.