ಶಾಲಾರಂಭಕ್ಕೆ ಮನೆಯ ಸಿದ್ಧತೆ: ಹದಿನಾಲ್ಕು ದಿನಗಳ ಕ್ರಮ

ಮೇ ತಿಂಗಳು ಮುಗಿಯುವ ಹೊತ್ತಿಗೆ ನಮ್ಮ ಭಾಗದ ಶಾಲೆಗಳು ತೆರೆಯುತ್ತವೆ. ಮುಂಗಾರಿನ ಮೋಡಗಳೂ ಆಗಲೇ ಬರುತ್ತವೆ. ಹುನಗುಂದ, ಬಾದಾಮಿ ಕಡೆಯ ರೈತರಿಗೆ ಹೆಸರು, ಸಜ್ಜೆ, ತೊಗರಿ ಬಿತ್ತುವ ಅವಸರ. ಇಳಕಲ್ಲಿನ ನೇಕಾರರ ಮನೆಗಳಲ್ಲಿ ತಂದೆ ಕುಣಿಮಗ್ಗದಲ್ಲಿ, ತಾಯಿ ಕಂಡಿಕೆ ಸುತ್ತುವುದರಲ್ಲಿ ಮಗ್ನರು. ಬಾಗಲಕೋಟೆಯ ನವನಗರದಲ್ಲಿ ಇಬ್ಬರೂ ಕಚೇರಿಗೆ ಹೊರಡುವವರು. ಎಲ್ಲೆಡೆ ಬೆಳಗಿನ ಹೊತ್ತು ಸಾಲದಾಗುತ್ತದೆ. ಅದರ ಭಾರ ಮಗುವಿನ ಹೊಟ್ಟೆಯ ಮೇಲೆ ಬೀಳುತ್ತದೆ.

ಕೆಲವು ವರ್ಷಗಳ ಹಿಂದೆ ನೇಕಾರ ದಂಪತಿಗಳು ಒಂಬತ್ತು ವರ್ಷದ ಮಗನನ್ನು ನಮ್ಮಲ್ಲಿಗೆ ಕರೆತಂದರು. ಶಾಲೆ ತೆರೆದಂದಿನಿಂದ ಅವನಿಗೆ ನಿತ್ಯ ಬೆಳಿಗ್ಗೆ ಹೊಟ್ಟೆನೋವು. ಜಂತುಬಾಧೆಯೆಂದು ಬಗೆದು ಎರಡು ಸಲ ಔಷಧ ಕೊಟ್ಟೆವು, ಗುಣವಾಗಲಿಲ್ಲ. ಮೂರನೆಯ ಸಲ, ಮೊದಲೇ ಕೇಳಬೇಕಾಗಿದ್ದ ಮಾತನ್ನು ಕೇಳಿದೆವು: “ತಮ್ಮಾ, ರಾತ್ರಿ ಯಾವಾಗ ಮಲಗತಿ?” “ಮಗ್ಗ ನಿಂತ ಮ್ಯಾಲರೀ.” ಮಗ್ಗ ನಿಲ್ಲುತ್ತಿದ್ದುದು ಹನ್ನೊಂದಕ್ಕೆ. ಬೆಳಿಗ್ಗೆ ತಡವಾಗಿ ಏಳುವುದು, ಬರಿಯ ಚಹಾ ಕುಡಿದು ಓಡುವುದು. ಶಾಲೆಯ ಮಧ್ಯಾಹ್ನದ ಊಟವೇ ದಿನದ ಮೊದಲ ಅನ್ನ. ತಂದೆ ರಾತ್ರಿಯ ನೇಯ್ಗೆಯನ್ನು ಬೆಳಗಿನ ಜಾವಕ್ಕೆ ಬದಲಿಸಿಕೊಂಡರು. ತಾಯಿ ತಿಂಡಿಯ ಹೊತ್ತನ್ನು ಗೊತ್ತುಮಾಡಿದರು. ಕೆಲವು ವಾರಗಳಲ್ಲಿ ನೋವು ನಿಂತಿತು. ಔಷಧಕ್ಕಿಂತ ಮೊದಲು ದಿನಚರಿಯನ್ನು ವಿಚಾರಿಸಬೇಕೆಂಬ ಪಾಠವನ್ನು ಆ ಬಾಲಕನು ನಮಗೆ ಕಲಿಸಿದನು.

ವಾಗ್ಭಟಾಚಾರ್ಯರ ಅಷ್ಟಾಂಗಹೃದಯದಲ್ಲಿ ಎರಡನೆಯ ಅಧ್ಯಾಯ ದಿನಚರ್ಯೆ, ಮೂರನೆಯದು ಋತುಚರ್ಯೆ. ಹೋಗುವ ಋತುವಿನ ಕೊನೆಯ 7 ದಿನ ಮತ್ತು ಬರುವ ಋತುವಿನ ಮೊದಲ 7 ದಿನ ಸೇರಿ ಋತುಸಂಧಿ. ಆಗ ಹಳೆಯ ಕ್ರಮವನ್ನು ಮೆಲ್ಲಮೆಲ್ಲನೆ ಬಿಟ್ಟು ಹೊಸದನ್ನು ಹಿಡಿಯಬೇಕು. ರಜೆಯಿಂದ ಶಾಲೆಗೆ ಹೋಗುವುದೂ ಒಂದು ಸಂಧಿಯೇ. ಆದುದರಿಂದ ಸಿದ್ಧತೆಯು ಎರಡು ವಾರ ಮೊದಲೇ ಆರಂಭವಾಗಲಿ.

ನಿದ್ರೆ: 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ರೆ ಬೇಕು. ಬೆಳಿಗ್ಗೆ 6ಕ್ಕೆ ಏಳಬೇಕಾದ ಮಗು ರಾತ್ರಿ 9ರೊಳಗೆ ನಿದ್ರಿಸಿರಬೇಕು. ಎರಡು ದಿನಕ್ಕೊಮ್ಮೆ 15 ನಿಮಿಷ ಮೊದಲು ಮಲಗಿಸುತ್ತ ಬಂದರೆ 14 ದಿನಗಳಲ್ಲಿ ಒಂದೂಮುಕ್ಕಾಲು ಗಂಟೆ ಹಿಂದಕ್ಕೆ ಬರುತ್ತದೆ. ಮಲಗುವ ಒಂದು ಗಂಟೆ ಮೊದಲು ಮೊಬೈಲು ದೂರವಿರಲಿ. ಅಂಗಾಲಿಗೆ ತುಸು ಎಳ್ಳೆಣ್ಣೆ ತಿಕ್ಕುವುದು ಹಿತಕರ.

ಆಹಾರ: ರೊಟ್ಟಿ-ಹಾಲು, ಮೊಸರು-ಶೇಂಗಾ ಹಿಂಡಿ, ಉಪ್ಪಿಟ್ಟು, ಅವಲಕ್ಕಿ ಇವುಗಳಲ್ಲಿ ಯಾವುದಾದರೂ ಸರಿಯೇ, ಬರಿಯ ಚಹಾ ಬೇಡ. ಕ್ಷೀರಭಾಗ್ಯ ಯೋಜನೆಯಡಿ 2013ರಿಂದ ಸರ್ಕಾರಿ ಶಾಲೆಗಳಲ್ಲಿ 150 ಮಿಲಿಲೀಟರ್ ಹಾಲು ಕೊಡಲಾಗುತ್ತಿದೆ. ಅದು ಮನೆಯ ತಿಂಡಿಗೆ ಪೂರಕವೇ ಹೊರತು ಬದಲಿಯಲ್ಲ. ಬಿತ್ತನೆಯ ದಿನಗಳಲ್ಲಿ ಕಟಕ ರೊಟ್ಟಿಯನ್ನು ಮುಂಚಿತವಾಗಿ ಮಾಡಿಟ್ಟುಕೊಂಡರೆ ತಾಯಿಗೆ ಬೆಳಗಿನ ಅರ್ಧ ಭಾರ ಇಳಿದಂತೆ.

ವೇಗಧಾರಣೆ: ಮಲಮೂತ್ರಾದಿ 13 ವೇಗಗಳನ್ನು ತಡೆಯಬಾರದೆಂದು ಚರಕಸಂಹಿತೆ ಹೇಳುತ್ತದೆ. ಶಾಲೆಯ ಶೌಚಾಲಯಕ್ಕೆ ಅಂಜಿ ನೀರನ್ನೇ ಕುಡಿಯದ ಹೆಣ್ಣುಮಕ್ಕಳು ಉರಿಮೂತ್ರದಿಂದ ನಮ್ಮಲ್ಲಿಗೆ ಬರುತ್ತಾರೆ. ಈ ಮಾತನ್ನು ಮಗಳೊಡನೆ ಸಂಕೋಚವಿಲ್ಲದೆ ಆಡಿರಿ. ಅಗತ್ಯವಿದ್ದರೆ ಶಿಕ್ಷಕರಿಗೂ ತಿಳಿಸಿರಿ. ಮನೆಯಲ್ಲಿ ಎದ್ದೊಡನೆ ಶೌಚಕ್ಕೆ 10 ನಿಮಿಷ ಬಿಡುವಿರಲಿ.

ಕೆಲಸದ ಹಂಚಿಕೆ: ಎಲ್ಲವನ್ನೂ ತಾಯಿಯೊಬ್ಬಳ ಮೇಲೆ ಹೊರಿಸುವುದು ನ್ಯಾಯವಲ್ಲ. ಚೀಲ ಜೋಡಿಸುವುದು ಮಗುವಿನ ಕಾಯಕ, ಸಮವಸ್ತ್ರ ತೆಗೆದಿಡುವುದು ತಂದೆಯದು, ಮಲಗಿಸುವುದು ಅಜ್ಜ-ಅಜ್ಜಿಯರದು ಎಂದು ಗೊತ್ತುಮಾಡಿರಿ. ಇವೆಲ್ಲವೂ ರಾತ್ರಿಯೇ ಮುಗಿಯಲಿ.

ಒಂದು ಎಚ್ಚರಿಕೆ: ರಾತ್ರಿ ನಿದ್ರೆಯಿಂದ ಎಬ್ಬಿಸುವ ಹೊಟ್ಟೆನೋವು, ಜ್ವರ, ಮರುಕಳಿಸುವ ವಾಂತಿ, ಮಲದಲ್ಲಿ ರಕ್ತ, ತೂಕ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ದಿನಚರಿಯ ದೋಷವೆಂದು ಸುಮ್ಮನಿರದೆ ತಡಮಾಡದೆ ವೈದ್ಯರಿಗೆ ತೋರಿಸಿರಿ.

ಒಂದೇ ದಿನದಲ್ಲಿ ಎಲ್ಲವೂ ಕೂಡಿಬರಲಾರದು. ಈ ವಾರ ಮಲಗುವ ಹೊತ್ತೊಂದನ್ನು ಸರಿಪಡಿಸಿರಿ. ಉಳಿದವು ಅದರ ಹಿಂದೆ ಬರುವುದನ್ನು ನಾವು ಅನೇಕ ಮನೆಗಳಲ್ಲಿ ಕಂಡಿದ್ದೇವೆ.