ವಿದ್ಯಾರ್ಥಿಯ ವ್ಯಸನವೂ ಗಣಾಚಾರ–ಭೃತ್ಯಾಚಾರಗಳೂ

ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ ಎಂಬ ಪಂಚಾಚಾರಗಳು ವೀರಶೈವ ಸಾಧಕನಿಗೆ ಪ್ರಾಣಸ್ವರೂಪವಾದವುಗಳು. ಇವುಗಳಲ್ಲಿ ಸದಾಚಾರವು ಸತ್ಯಶುದ್ಧವಾದ ಕಾಯಕದಿಂದ ಬಾಳಬೇಕೆಂದು ಕಲಿಸುತ್ತದೆ. ಸಮಾಜಕ್ಕೆ ಕೇಡು ಒದಗಿದಾಗ ಕಂಡೂ ಕಾಣದಂತಿರಲಾಗದೆಂಬುದು ಗಣಾಚಾರದ ವಿಧಿ. ಎಲ್ಲರೆದುರು ತಾನೇ ಕಿರಿಯನೆಂಬ ವಿನಯವು ಭೃತ್ಯಾಚಾರದ ಸಾರ. ಈ ಮೂರನ್ನು ಬೇರೆಬೇರೆಯಾಗಿ ಬಲ್ಲವರು ಅನೇಕರು. ಒಂದುಗೂಡಿಸಿ ಆಚರಿಸುವವರು ವಿರಳ. ಕಾಲೇಜಿನ ತರುಣ ತರುಣಿಯರನ್ನು ಮದ್ಯ ಮತ್ತು ಮಾದಕ ವಸ್ತುಗಳಿಂದ ದೂರವಿರಿಸುವ ಕಾರ್ಯದಲ್ಲಿ ಈ ಮೂರೂ ಕೂಡಿಯೇ ನಡೆಯಬೇಕಾಗಿವೆ. ಒಂದು ತಪ್ಪಿದರೂ ಮಾಡಿದ ಪ್ರಯತ್ನವು ನಿಷ್ಫಲವಾಗುತ್ತದೆ.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯು ಶ್ರೀ ಗುರು ತಿಪ್ಪೇರುದ್ರಸ್ವಾಮಿಗಳ ಪುಣ್ಯಕ್ಷೇತ್ರ. ಮಳೆ ಕಡಿಮೆಯಾದ ಈ ಬರದ ಸೀಮೆಯಲ್ಲಿ ಸ್ವಾಮಿಗಳು ಕೆರೆಗಳನ್ನು ಕಟ್ಟಿಸಿ, ದುಡಿದವರಿಗೆ ದುಡಿದಷ್ಟೇ ಕೂಲಿ ಸಲ್ಲುವಂತೆ ಮಾಡಿದರೆಂದು ಜನರು ಇಂದಿಗೂ ಭಕ್ತಿಯಿಂದ ನೆನೆಯುತ್ತಾರೆ. ಮಾಡಿದ ದುಡಿಮೆಗೆ ತಕ್ಕ ಭಿಕ್ಷೆ ಎಂಬುದೇ ಆ ಮಹಾತ್ಮರ ಉಪದೇಶದ ತಿರುಳು. ಪ್ರತಿವರ್ಷ ಫಾಲ್ಗುಣದ ರಥೋತ್ಸವಕ್ಕೆ ಬರುವ ಭಕ್ತರೆಲ್ಲರ ನಾಲಗೆಯ ಮೇಲೂ ಈ ಮಾತು ನಲಿಯುತ್ತದೆ. ಆದರೆ ಅದು ಕೂಲಿಯ ಲೆಕ್ಕವನ್ನು ಮಾತ್ರ ಹೇಳುವುದೆಂದು ತಿಳಿಯಬಾರದು. ಮನುಷ್ಯನ ಸುಖದ ಲೆಕ್ಕವೂ ಅದರಲ್ಲಿ ಅಡಗಿದೆ.

ಇಂದಿನ ವೈದ್ಯಶಾಸ್ತ್ರವು ಇದನ್ನೇ ಇನ್ನೊಂದು ಬಗೆಯಿಂದ ತಿಳಿಸುತ್ತದೆ. ಒಂದು ಕಠಿಣ ಪಾಠವನ್ನು ಅರಿತಾಗ, ಆಟದಲ್ಲಿ ಗೆದ್ದಾಗ, ಹಸಿದು ಉಂಡಾಗ ಮಿದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯವು ಹೊರಸೂಸಿ, ಮಾಡಿದ ಕೆಲಸವನ್ನು ಮತ್ತೆ ಮಾಡಬೇಕೆಂಬ ಪ್ರೇರಣೆಯನ್ನು ಕೊಡುತ್ತದೆ. ಇದು ದುಡಿಮೆಗೆ ಸಂದ ಕೂಲಿ. ಮದ್ಯ, ಗಾಂಜಾ, ಅಫೀಮಿನ ಜಾತಿಯ ವಸ್ತುಗಳು ಯಾವ ದುಡಿಮೆಯೂ ಇಲ್ಲದೆ ಅದೇ ದ್ರವ್ಯವನ್ನು ಉಕ್ಕಿಸುತ್ತವೆ. ಮಾಡದೆಯೇ ದೊರೆತ ಈ ಭಿಕ್ಷೆಗೆ ಮಿದುಳು ಒಗ್ಗಿಕೊಂಡಂತೆ, ಮೊದಲಿನ ಪ್ರಮಾಣವು ಸಾಲದಾಗುತ್ತದೆ. ಓದು, ಗೆಳೆತನ, ಊಟಗಳು ಸಪ್ಪೆಯಾಗುತ್ತವೆ. ವಿವೇಚಿಸಿ ತಡೆಯುವ ಮಿದುಳಿನ ಮುಂಭಾಗವು ಸುಮಾರು 25ನೆಯ ವಯಸ್ಸಿನವರೆಗೂ ಬೆಳೆಯುತ್ತಲೇ ಇರುವುದರಿಂದ, ಕಾಲೇಜು ವಯಸ್ಸಿನಲ್ಲಿ ಅಂಟಿದ ಚಟವು ಹೆಚ್ಚು ಆಳಕ್ಕೆ ಇಳಿಯುತ್ತದೆ.

ಭಾರತ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯು ನಡೆಸಿ, 2019ರಲ್ಲಿ ಪ್ರಕಟವಾದ ಸಮೀಕ್ಷೆಯು ಆಲೋಚಿಸತಕ್ಕದ್ದಾಗಿದೆ. 10ರಿಂದ 75 ವಯಸ್ಸಿನವರಲ್ಲಿ ಶೇಕಡಾ 14.6 ಮಂದಿ, ಎಂದರೆ ಸುಮಾರು 16 ಕೋಟಿ ಜನ, ಮದ್ಯ ಸೇವಿಸುತ್ತಾರೆಂದು ಅದು ಕಂಡುಕೊಂಡಿತು. ಅದಕ್ಕಿಂತಲೂ ಗಂಭೀರವಾದ ಸಂಗತಿ ಇನ್ನೊಂದಿದೆ: ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿತ್ತು. ಉಳಿದವರ ವಿಷಯದಲ್ಲಿ ಸಮಾಜವು ನೋಡುತ್ತ ಕುಳಿತಿತ್ತೆಂದೇ ಇದರ ಅರ್ಥ. ಗಣಾಚಾರವು ನಿಷೇಧಿಸುವುದು ಈ ಸುಮ್ಮನಿರುವಿಕೆಯನ್ನೇ.

ನಾಯಕನಹಟ್ಟಿ, ಮೊಳಕಾಲ್ಮೂರು ಸೀಮೆಯ ಅನೇಕ ಮಕ್ಕಳು ಪದವಿಯ ಓದಿಗಾಗಿ ಚಳ್ಳಕೆರೆ, ಚಿತ್ರದುರ್ಗ, ದಾವಣಗೆರೆಗಳಿಗೆ ಹೋಗುತ್ತಾರೆ. ಮನೆಯವರ ಕಣ್ಣಿಗೆ ದೂರವಾದ ಹಾಸ್ಟೆಲಿನಲ್ಲಿ ಮೊದಲ ಬದಲಾವಣೆಯನ್ನು ಕಾಣುವವನು ಪಕ್ಕದ ಹಾಸಿಗೆಯ ಗೆಳೆಯನೇ. ತರಗತಿಗೆ ಹಾಜರಾಗದಿರುವುದು, ಕಾರಣವಿಲ್ಲದೆ ಸಾಲ ಕೇಳುವುದು, ಹಳೆಯ ಸ್ನೇಹಿತರನ್ನು ಬಿಟ್ಟು ಹೊಸ ಕೂಟವನ್ನು ಸೇರುವುದು, ನಿದ್ರೆ ಊಟಗಳ ಕ್ರಮ ತಪ್ಪುವುದು, ಹಿಂದಿನ ರಾತ್ರಿ ನಡೆದುದು ನೆನಪಿಲ್ಲದಿರುವುದು, ಕೇಳಿದರೆ ಸಿಡುಕುವುದು ಮುಂತಾದವು ಮೊದಲ ಸೂಚನೆಗಳು. ಇವುಗಳಲ್ಲಿ ಒಂದನ್ನು ಕಂಡ ಮಾತ್ರಕ್ಕೆ ವ್ಯಸನಿಯೆಂದು ನಿರ್ಣಯಿಸಲಾಗದು. ಚಿಂತೆ ಅಥವಾ ಖಿನ್ನತೆಯಿಂದಲೂ ಇವು ಉಂಟಾಗಬಹುದು. ಆದರೆ ಹಲವು ಕೂಡಿ ಬಂದಾಗ ಕೇಳದೆ ಬಿಡುವುದು ಸಲ್ಲದು. ಸಸಿಯಾಗಿರುವಾಗ ಉಗುರಿನಿಂದ ಚಿವುಟಬಹುದಾದುದು ಮರವಾದ ಮೇಲೆ ಕೊಡಲಿಗೂ ಬಗ್ಗದು.

ಹೇಗೆ ಕೇಳಬೇಕೆಂಬಲ್ಲಿ ಭೃತ್ಯಾಚಾರದ ಪ್ರವೇಶವಾಗುತ್ತದೆ. ಹತ್ತು ಜನರ ಮುಂದೆ ಜರೆದು, ಕುಲಕ್ಕೆ ಕಳಂಕವೆಂದು ಹೀಯಾಳಿಸಿದರೆ ತರುಣನು ಕುಡಿತವನ್ನು ಬಿಡುವುದಿಲ್ಲ, ಹೇಳುವವರನ್ನು ಬಿಡುತ್ತಾನೆ. ವಿನಯವಿಲ್ಲದ ಗಣಾಚಾರವು ಅಹಂಕಾರವಾಗುತ್ತದೆ. ಗಣಾಚಾರವಿಲ್ಲದ ವಿನಯವು ಅಂಜಿಕೆಯಾಗುತ್ತದೆ. ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯನ ಚರಿತ್ರೆಯು ಇಲ್ಲಿ ಸ್ಮರಣೀಯ. ಧರ್ಮೇಶ್ವರಲಿಂಗವೆಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಈ ಶರಣನು ಹೆಂಡ ಮಾರುವ ವೃತ್ತಿಯಲ್ಲಿದ್ದವನು. ಕುಡಿಯಲು ಬಂದವರಿಗೇ ಕುಡಿತದ ಕೇಡನ್ನು ತಿಳಿಸಿ ಅವರನ್ನು ಸನ್ಮಾರ್ಗಕ್ಕೆ ತಂದನೆಂದು ಶರಣ ಪರಂಪರೆ ಹೇಳುತ್ತದೆ. ಕುಡುಕನನ್ನು ದೂರವಿಟ್ಟು ಉಪದೇಶಿಸಲಿಲ್ಲವೆಂಬುದೇ ಅವನ ಹಿರಿಮೆ.

ಸಮೀಪ ಕಾಲದಲ್ಲಿ ಈ ಮಾರ್ಗವನ್ನು ನಡೆದು ತೋರಿದವರು ಇಳಕಲ್ಲಿನ ಚಿತ್ತರಗಿ ಶ್ರೀ ವಿಜಯ ಮಹಾಂತೇಶ್ವರ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು. 1975ರಲ್ಲಿ ಅವರು ಜೋಳಿಗೆಯನ್ನು ಹೆಗಲಿಗೇರಿಸಿ ಮನೆಮನೆಗೆ ಹೋಗಿ, ಹಣವನ್ನಾಗಲಿ ಧಾನ್ಯವನ್ನಾಗಲಿ ಬೇಡದೆ, ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅದೇ ಮಹಾಂತ ಜೋಳಿಗೆಯೆಂದು ಪ್ರಸಿದ್ಧವಾಯಿತು. ಬಾಗಿಲಿಗೆ ತಾವೇ ಬಂದದ್ದು ಗಣಾಚಾರ. ಬಂದು ಆಜ್ಞಾಪಿಸದೆ ಕೈಯೊಡ್ಡಿದ್ದು ಭೃತ್ಯಾಚಾರ. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತಿದೆ.

ದೂರದ ಅಮೆರಿಕೆಯಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲನ್ ಮಾರ್ಲಟ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ರೂಪಿಸಿದ ಕ್ರಮವೂ ಇದಕ್ಕೆ ಸಮೀಪವಾದುದೆಂಬುದು ಗಮನಾರ್ಹ. ಅಲ್ಲಿ ದೀರ್ಘ ಉಪನ್ಯಾಸವಿಲ್ಲ, ನಿಂದೆಯಿಲ್ಲ. ವಿದ್ಯಾರ್ಥಿಯ ಕುಡಿತದ ಲೆಕ್ಕವನ್ನು ಅವನಿಂದಲೇ ಕೇಳಿ, ಅದನ್ನು ಅವನ ಮುಂದಿಟ್ಟು, ಮುಂದೇನು ಮಾಡುವೆಯೆಂದು ಸ್ನೇಹದಿಂದ ವಿಚಾರಿಸುವ ಒಂದೆರಡು ಭೇಟಿಗಳು ಮಾತ್ರ. ಎಲ್ಲರೂ ತನ್ನಂತೆಯೇ ಕುಡಿಯುತ್ತಾರೆಂದು ನಂಬಿದ ವಿದ್ಯಾರ್ಥಿಗೆ, ಉಳಿದವರು ಅವನೆಣಿಸಿದ್ದಕ್ಕಿಂತ ಬಹಳ ಕಡಿಮೆ ಕುಡಿಯುತ್ತಾರೆಂಬ ನಿಜವನ್ನು ತಿಳಿಸಲಾಗುತ್ತದೆ. ಇಷ್ಟರಿಂದಲೇ ಕುಡಿತವೂ ಅದರ ಹಾನಿಯೂ ತಗ್ಗಿದುದನ್ನು ಅವರು ಎರಡು ವರ್ಷಗಳ ಅನಂತರವೂ ಕಂಡರು.

ಆದರೆ ಚಟವು ಬಲಿತಲ್ಲಿ ಸ್ನೇಹದ ಮಾತು ಮಾತ್ರ ಸಾಲದು. ದೇವರ ಮುಂದೆ ಆಣೆ ಮಾಡಿಸಿ ಅಂದಿನಿಂದಲೇ ಕುಡಿತವನ್ನು ಬಿಡಿಸುವ ರೂಢಿಯು ನಮ್ಮ ಹಳ್ಳಿಗಳಲ್ಲಿದೆ. ಸಂಕಲ್ಪವು ಶ್ರೇಷ್ಠವೇ, ಆದರೆ ದಿನನಿತ್ಯವೂ ಅತಿಯಾಗಿ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಸೆಳವು, ಭ್ರಮೆಗಳುಂಟಾಗಿ ಪ್ರಾಣಾಪಾಯವೂ ಒದಗಬಹುದು. ಅಂಥವನನ್ನು ಗುಡಿಗೆ ಕರೆದೊಯ್ಯುವ ಮುನ್ನ ಆಸ್ಪತ್ರೆಗೆ ಕರೆದೊಯ್ಯುವುದೇ ಧರ್ಮ. ಕುಡಿದು ಎಚ್ಚರ ತಪ್ಪಿದ ಗೆಳೆಯನನ್ನು ಮಗ್ಗುಲಾಗಿ ಮಲಗಿಸಿ, ಒಂಟಿಯಾಗಿ ಬಿಡದೆ, ಕೂಡಲೇ 108 ಸಂಖ್ಯೆಗೆ ಕರೆಮಾಡಬೇಕು. ಮಲಗಿದರೆ ಇಳಿದೀತೆಂದು ಕೋಣೆಯ ಬಾಗಿಲು ಹಾಕಿಕೊಂಡು ಹೋಗಬಾರದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446; ಮನಸ್ಸಿನ ಕ್ಲೇಶಗಳಿಗಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ 14416. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ. ಪೊಲೀಸರ ಭಯದಿಂದ ಮಗನ ರೋಗವನ್ನು ಮುಚ್ಚಿಡುವ ತಂದೆತಾಯಿಗಳು ತಿಳಿಯಬೇಕಾದ ಮಾತೊಂದುಂಟು: 1985ರ ಮಾದಕ ವಸ್ತುಗಳ ಕಾನೂನಿನ 64ಎ ಕಲಮು, ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧ ಹೊತ್ತ ವ್ಯಸನಿಯು ತಾನಾಗಿ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಯನ್ನು ಪೂರ್ಣವಾಗಿ ಪಡೆದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ.

ಇನ್ನು ಉಳಿದುದು ಸದಾಚಾರ. ಬಿಡಿಸಿದ ಚಟದ ಸ್ಥಳವು ಬರಿದಾಗಿ ಉಳಿದರೆ ಹಳೆಯ ಕೂಟವೇ ಅದನ್ನು ಮತ್ತೆ ತುಂಬುತ್ತದೆ. ಆದುದರಿಂದ ಮನೆಯವರೂ ಅಧ್ಯಾಪಕರೂ ಮಠಗಳೂ ತರುಣನಿಗೆ ಮೈಮನಗಳನ್ನು ತೊಡಗಿಸುವ ಕಾಯಕವನ್ನು ಒದಗಿಸಬೇಕು: ಆಟದ ಬಯಲು, ಓದಿನ ಕೂಟ, ಊರ ಕೆರೆಯ ಹೂಳೆತ್ತುವ ಶ್ರಮದಾನ, ಜಾತ್ರೆಯ ದಾಸೋಹದ ಸೇವೆ. ದುಡಿದು ದಣಿದು ಪಡೆದ ಸಂತೋಷವು ಒಮ್ಮೆ ರುಚಿಸಿದರೆ, ದುಡಿಯದೆ ದೊರೆತ ಸುಖದ ಹುಸಿತನ ತಾನಾಗಿಯೇ ತಿಳಿಯುತ್ತದೆ. ಎಡವಿ ಮತ್ತೆ ಕುಡಿದವನನ್ನೂ ಪತಿತನೆಂದು ತಳ್ಳದೆ ಪುನಃ ಕೈಹಿಡಿಯಬೇಕು. ಮರುಕಳಿಸುವುದು ಈ ರೋಗದ ಸ್ವಭಾವ.

ಹೀಗೆ, ಬೇಗ ಕಾಣುವುದು ಗಣಾಚಾರ, ಬಾಗಿ ಕೇಳುವುದು ಭೃತ್ಯಾಚಾರ, ಕಾಯಕದಲ್ಲಿ ನಿಲ್ಲಿಸುವುದು ಸದಾಚಾರ. ಪಕ್ಕದ ಹಾಸಿಗೆಯ ಗೆಳೆಯನಿಂದ ಮಠದ ಗುರುವಿನವರೆಗೆ ಯಾರಿಗೂ ಈ ಮೂರರಲ್ಲಿ ವಿನಾಯಿತಿಯಿಲ್ಲ. ಜೋಳಿಗೆಯನ್ನು ಒಡ್ಡಲು ಕಾವಿಯೇ ಬೇಕೆಂಬ ನಿಯಮವೂ ಇಲ್ಲ.